ಉಳವಿಯಿಂದ ಕಡಲಿಗೆ, ಮಕ್ಕಳೊಡನೆ

ಭಾರತ ಹುಣ್ಣಿಮೆಯ ಹೊತ್ತಿಗೆ ಚಕ್ಕಡಿ ಕಟ್ಟಿಕೊಂಡು ಉಳವಿಯ ಜಾತ್ರೆಗೆ ಹೊರಡುವ ಮನೆತನಗಳು ಧಾರವಾಡ, ಬೆಳಗಾವಿ ಸೀಮೆಯಲ್ಲಿ ಇಂದಿಗೂ ಇವೆ. ಮೋಟಾರಿನಲ್ಲಿ ಹೋಗುವವರಂತೂ ಬಹಳ. ಚೆನ್ನಬಸವಣ್ಣನವರ ಸಮಾಧಿಯ ದರ್ಶನ ಪಡೆದು, ಪ್ರಸಾದ ಸ್ವೀಕರಿಸಿ, ಅದೇ ಸಂಜೆ ಊರ ದಾರಿ ಹಿಡಿಯುವುದು ಅನೇಕರ ರೂಢಿಯಾಗಿದೆ. ಹಿಂದಿನ ಆಸನದಲ್ಲಿ ಕುಳಿತ ಎಳೆಯ ಮಕ್ಕಳಿಗೆ ಇಂಥ ಯಾತ್ರೆಯಿಂದ ನೆನಪುಳಿಯುವುದು ತಿರುವು ದಾರಿಯ ವಾಂತಿಯೊಂದೇ ಎಂದರೆ ಸದ್ಭಕ್ತರು ಬೇಸರಿಸಬಾರದು.

ಮಕ್ಕಳಿರುವವರು ಇನ್ನೊಂದು ದಿನವನ್ನು ಕೂಡಿಸಿಕೊಂಡು ಘಟ್ಟ ಇಳಿಯಬೇಕೆಂದು ನಾವು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇವೆ. ಕುಂಬಾರವಾಡ, ಅಣಶಿ, ಕದ್ರಾಗಳನ್ನು ದಾಟಿದರೆ ಕಾರವಾರ. ಉಳವಿಯಿರುವ ಜೋಯಿಡಾ ತಾಲೂಕಿನಲ್ಲಿಯೇ, ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು 184 ಕಿಲೋಮೀಟರು ಹರಿದು ಕಡಲನ್ನು ಸೇರುವುದು ಇಲ್ಲಿಯೇ. ನದಿಯ ತವರು ಕಾಡನ್ನೂ ಅದರ ಕೊನೆಯನ್ನೂ ಎರಡೇ ದಿನಗಳಲ್ಲಿ ಮಕ್ಕಳಿಗೆ ತೋರಿಸಬಹುದಾದ ಯಾತ್ರೆ ನಮ್ಮವರಿಗೆ ಬೇರೆಲ್ಲಿ ಒದಗೀತು?

ನಾವು ಎಂಟನೆಯ ವಯಸ್ಸಿಗೆ ಮಠವನ್ನು ಸೇರಿದವರು. ನಮ್ಮ ಬಾಲ್ಯದಲ್ಲಿ ವಿಹಾರವೆಂಬುದು ಇರಲಿಲ್ಲ. ಸಮುದ್ರವನ್ನು ನಾವು ಮೊದಲು ಕಂಡದ್ದು ಗ್ರಂಥಭಂಡಾರದಲ್ಲಿ. ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿ ಪ್ರಕಟವಾದವು, ಅವುಗಳ ಅಂಚು ಹರಿದ ಪ್ರತಿ ನಮ್ಮ ಮಠದ ಕಪಾಟಿನಲ್ಲಿತ್ತು. ಸಂಧಿ ಸಮಾಸಗಳನ್ನು ಉರು ಹೊಡೆದು ಬೇಸತ್ತ ಮಧ್ಯಾಹ್ನಗಳಲ್ಲಿ ಕದ್ದು ಅದನ್ನು ಬಿಡಿಸುತ್ತಿದ್ದೆವು. ನಿಜವಾದ ಕಡಲನ್ನು ಕಂಡಾಗ ನಮಗೆ ನಲವತ್ತು ತುಂಬಿತ್ತು. ಆ ದಿನ ನಮಗಾದ ಸಂತೋಷದಲ್ಲಿ ಒಂದು ಪಾಲು ದುಃಖವೂ ಸೇರಿತ್ತೆಂಬುದನ್ನು ಮುಚ್ಚಿಡಲಾರೆವು.

2025ರ ಫೆಬ್ರವರಿಯಲ್ಲಿ ಜಾತ್ರೆ ಮುಗಿದ ಮರುದಿನ, ಹುಬ್ಬಳ್ಳಿ ಕಡೆಯ ಒಂದು ಶರಣ ಕುಟುಂಬವು ನಮ್ಮನ್ನೂ ಕರೆದುಕೊಂಡು ಘಟ್ಟವಿಳಿಯಿತು. ದಂಪತಿಗಳು, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ತಂದೆಯು ಐದು ಸ್ಥಳಗಳ ಪಟ್ಟಿಯನ್ನೇ ಬರೆದುಕೊಂಡಿದ್ದರು. ರವೀಂದ್ರನಾಥ ಠಾಕೂರ್ ಕಡಲತೀರದ ಚಪಲ್ ಯುದ್ಧನೌಕೆ ಅದರಲ್ಲಿ ಮೊದಲನೆಯದು. 2005ರಲ್ಲಿ ಸೇವೆಯಿಂದ ನಿವೃತ್ತವಾದ ಈ ನೌಕೆಯನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಅದನ್ನು ಅಂದೇ ಸಂಜೆ ನೋಡಿದೆವು. ಕಾರವಾರದಲ್ಲಿ ರಾತ್ರಿ ತಂಗಿ, ಬೆಳಗಿನ ಜಾವವೇ ಎದ್ದು ಕಾಳಿ ಸೇತುವೆ ದಾಟಿ, ಸದಾಶಿವಗಡದ ಬುಡದಿಂದ ದೇವಬಾಗಕ್ಕೆ ತಿರುಗಿದೆವು. ಪಟ್ಟಿಯ ಉಳಿದ ಮೂರು ಸ್ಥಳಗಳು ಹಾಗೆಯೇ ಉಳಿದವು, ಉಳಿದದ್ದೇ ಒಳ್ಳೆಯದಾಯಿತು.

ದೇವಬಾಗವೆಂದರೆ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಕಾಳಿಯ ಅಳಿವೆ, ನಡುವೆ ಗಾಳಿಮರಗಳ ತೋಪು. ನೀರು ಇಳಿದಿತ್ತು. ಒದ್ದೆ ಮರಳಿನ ತುಂಬ ಕಡಲೆಗಿಂತಲೂ ಸಣ್ಣ ಗುಂಡುಗಳನ್ನು ಯಾರೋ ರಂಗೋಲಿಯಂತೆ ಇಟ್ಟಿದ್ದರು. ಇಟ್ಟವು ಏಡಿಗಳು. ಬೆರಳುಗುರಿನಷ್ಟು ಗಾತ್ರದ ಆ ಜೀವಿಗಳು ಮರಳನ್ನು ಬಾಯಿಗಿಟ್ಟು, ಅದರಲ್ಲಿನ ಆಹಾರವನ್ನು ಸೋಸಿಕೊಂಡು, ಉಳಿದುದನ್ನು ಗುಂಡು ಮಾಡಿ ಎಸೆಯುತ್ತವೆ. ಹೆಜ್ಜೆಯ ಸಪ್ಪಳವಾದರೆ ಬಿಲ ಸೇರುತ್ತವೆ. ಅಲುಗದೆ ಕುಳಿತರೆ ಹೊರಬರುತ್ತವೆ. ಮನೆಯಲ್ಲಿ ಎರಡು ನಿಮಿಷ ಕೂಡಲಾರದವಳೆಂದು ತಾಯಿ ದೂರುತ್ತಿದ್ದ ಆ ಕಿರಿಯವಳು ಅಲ್ಲಿ ಮುಕ್ಕಾಲು ಗಂಟೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು.

ದೊಡ್ಡವನು ಅಳಿವೆಯ ಕಡೆ ಹೋಗಿ ಬಂದು ನಮ್ಮ ಶಾಲಿನ ಸೆರಗು ಜಗ್ಗಿದ. “ಅಜ್ಜಾರ, ಹೊಳಿ ಹಿಂದಕ್ಕ ಹೊಂಟೈತಿ, ಬಂದು ನೋಡ್ರಿ.”

“ಹೊಳಿ ಹಿಂದಕ್ಕ ಹೋಗತೈತೇನಪಾ? ತಡಿ, ಆಮ್ಯಾಲೆ ನೋಡೂಣು” ಎಂದೆವು. ಕಾರಣ, ನಾವು ಆಗ ಉಪನ್ಯಾಸದಲ್ಲಿದ್ದೆವು. ತೋಪಿನ ನೆರಳಿನಲ್ಲಿ ಅವನ ತಂದೆತಾಯಿಗಳಿಗೆ ಠಾಕೂರರ ಕಥೆಯನ್ನು ಹೇಳುತ್ತಿದ್ದೆವು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರರು ಅವರ ಮನೆಯಲ್ಲಿ ಬಂದು ಉಳಿದಿದ್ದರು. ಬೆಳದಿಂಗಳ ರಾತ್ರಿ ಇದೇ ಕಾಳಿಯಲ್ಲಿ ದೋಣಿ ಹತ್ತಿ ಹೋದುದನ್ನೂ, ಮರಳಿ ಬರುವಾಗ ನದಿಮುಖದಲ್ಲಿ ಇಳಿದು ಮರಳ ಮೇಲೆ ನಡೆದುದನ್ನೂ ಅವರು ತಮ್ಮ ಸ್ಮೃತಿಗಳಲ್ಲಿ ಬರೆದಿದ್ದಾರೆ. ಇಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು, 1884ರಲ್ಲಿ ಅದು ಪ್ರಕಟವಾಯಿತು. ಲೋಕವನ್ನು ಗೆದ್ದೆನೆಂದು ಬೀಗುವ ಸನ್ಯಾಸಿಯೊಬ್ಬನ ಬಳಿಗೆ, ಊರವರೆಲ್ಲ ಮುಟ್ಟಲೊಲ್ಲದ ಅನಾಥ ಬಾಲಿಕೆಯೊಬ್ಬಳು ಬರುತ್ತಾಳೆ. ಅವಳ ಮೇಲೆ ಮಮತೆ ಹುಟ್ಟುತ್ತಿರುವುದಕ್ಕೆ ಅಂಜಿ ಅವನು ಅವಳನ್ನು ಬಿಟ್ಟು ಓಡುತ್ತಾನೆ. ಮನಸ್ಸು ಕರಗಿ ತಿರುಗಿ ಬರುವಷ್ಟರಲ್ಲಿ ಅವಳು ತೀರಿಹೋಗಿರುತ್ತಾಳೆ. ಇದನ್ನು ವಿವರಿಸುವುದರಲ್ಲಿ ನಾವು ಎಷ್ಟು ತನ್ಮಯರಾಗಿದ್ದೆವೆಂದರೆ, “ತಮ್ಮ ಎಲ್ಲಿ?” ಎಂದು ತಾಯಿಯು ಎದ್ದು ನಿಂತಾಗಲೇ ನಮಗೆ ಎಚ್ಚರವಾದದ್ದು.

ಮರಳದಂಡೆ ಬರಿದಾಗಿತ್ತು. ತಂದೆ ಕಡಲ ಕಡೆಗೆ ಓಡಿದರು, ನಾವು ಹೊಳೆಯ ಕಡೆಗೆ. ಎಷ್ಟು ಹೊತ್ತಾಯಿತೋ ಹೇಳಲಾರೆವು, ಹತ್ತು ನಿಮಿಷವಿದ್ದೀತು. ಅರವತ್ತು ದಾಟಿದ ಕಾಲುಗಳು ಮರಳಿನಲ್ಲಿ ಹೂಳುತ್ತಿದ್ದವು, ಬಾಯಲ್ಲಿ ಶಿವನಾಮ ಸಹ ಸರಿಯಾಗಿ ಹೊರಡುತ್ತಿರಲಿಲ್ಲ. ಅಳಿವೆಯ ಒಳಮೈಯಲ್ಲಿ, ದಂಡೆಯಿಂದ ಆಚೆ ಒಂದು ಮರಳದಿನ್ನೆಯ ಮೇಲೆ ಹುಡುಗ ನಿಂತಿದ್ದ. ಅವನು ಹೋಗುವಾಗ ಒಣಗಿದ್ದ ತಗ್ಗು ಈಗ ನೀರಿನಿಂದ ತುಂಬಿತ್ತು. ನಾವು ಕೂಗುವುದಕ್ಕೆ ಮುಂಚೆಯೇ ಮೀನುಗಾರನೊಬ್ಬ ಸಣ್ಣ ದೋಣಿಯನ್ನು ಅತ್ತ ತಿರುಗಿಸಿದ್ದ. ಹುಡುಗನನ್ನು ಎತ್ತಿ ತಂದು ದಂಡೆಗಿಳಿಸಿ ಕೊಂಕಣಿಯಲ್ಲಿ ಏನೋ ಹೇಳಿದ. ಮಾತು ತಿಳಿಯಲಿಲ್ಲವಾದರೂ ಬೈದನೆಂಬುದು ತಿಳಿಯಿತು. ಬೈದದ್ದು ಹುಡುಗನನ್ನಲ್ಲ, ನಮ್ಮನ್ನು.

“ನಾ ಒಂದು ಕಟಗಿ ಬಿಟ್ಟಿದ್ನ್ರಿ ಅಜ್ಜಾರ. ಅದು ಕಡಲಿಗೆ ಹೋಗ್ಲಿಲ್ರಿ, ಸೇತುವಿ ಕಡೆ ಹೋತು. ಅದರ ಹಿಂದ ಹೋದ್ನಿ” ಎಂದ ಹುಡುಗ. ಅವನು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಉಬ್ಬರದ ಹೊತ್ತಿನಲ್ಲಿ ಕಡಲು ಒಳನುಗ್ಗಿ ಅಳಿವೆಯ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆಗ ಹೊಳೆ ಹಿಂದಕ್ಕೆ ಹರಿಯುತ್ತದೆ. ಕಣ್ಣಾರೆ ಕಂಡು ಬಂದು ಹೇಳಿದವನನ್ನು ‘ಆಮ್ಯಾಲೆ’ ಎಂದು ಅಟ್ಟಿದವರು ನಾವು.

ಉಳವಿಯಿಂದ ಇಳಿದು ಬರುವವರು ಇನ್ನೊಂದು ಸಂಗತಿಯನ್ನು ಗಮನದಲ್ಲಿಡಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಮುಂದಿನ ಒಂದೆರಡು ದಿನ ಉಬ್ಬರ ಅತಿ ಎತ್ತರಕ್ಕೇರುತ್ತದೆ, ಇಳಿತ ಅತಿ ಕೆಳಕ್ಕೆ ಹೋಗುತ್ತದೆ. ಜಾತ್ರೆ ಹುಣ್ಣಿಮೆಯದಾದುದರಿಂದ ಜಾತ್ರೆ ಮುಗಿಸಿ ಬಂದವರಿಗೆ ಪ್ರತಿವರ್ಷವೂ ದೊಡ್ಡ ನೀರೇ ಎದುರಾಗುತ್ತದೆ. ಇಳಿತದಲ್ಲಿ ತೆರೆದ ಮರಳದಿನ್ನೆ ಆಟದ ಬಯಲಿನಂತೆ ಕಾಣುತ್ತದೆ. ಆರು ಗಂಟೆಗಳಿಗೆ ತುಸು ಮೇಲಾದರೆ ಅದೇ ಜಾಗ ನೀರಿನಡಿ. ನೀರಿನ ವೇಳೆಯನ್ನು ದಂಡೆಯ ಮೀನುಗಾರರನ್ನು ಕೇಳಿ ತಿಳಿದುಕೊಳ್ಳಿ. ಅಳಿವೆಯಲ್ಲಿ ಮಕ್ಕಳನ್ನು ನೀರಿಗೆ ಇಳಿಸಲೇಬೇಡಿ. ದೊಡ್ಡವರಲ್ಲಿ ಒಬ್ಬರು ಮಾತು, ಊಟ, ಮೊಬೈಲು ಎಲ್ಲವನ್ನೂ ಬಿಟ್ಟು ಮಕ್ಕಳ ಮೇಲೆಯೇ ಕಣ್ಣಿಟ್ಟಿರಲಿ; ಗಂಟೆಗೊಮ್ಮೆ ಸರದಿ ಬದಲಾಗಲಿ.

ಎಲ್ಲರೂ ಸಮಾಧಾನಗೊಂಡ ಮೇಲೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದೆವು. ಆಗ ಮಕ್ಕಳಿಗೆ ಅಂಬಿಗರ ಚೌಡಯ್ಯನವರ ವಿಷಯ ಹೇಳಿದೆವು. ದೋಣಿ ನಡೆಸುವುದೇ ಅವರ ಕಾಯಕವಾಗಿತ್ತೆಂದಾಗ ಹುಡುಗ ತನ್ನನ್ನು ಕರೆತಂದವನ ದೋಣಿಯ ಕಡೆಗೆ ನೋಡಿದ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಾಗ, ಅದರ ಚಾಲಕನನ್ನು ಕಾಪಾಡುವುದರಲ್ಲಿಯೂ ಇಲ್ಲಿನ ಮೀನುಗಾರರು ಮುಂದಾಗಿದ್ದರು. ಸದಾಶಿವಗಡದ ವಿಷಯವನ್ನೂ ಅಷ್ಟಿಷ್ಟು ಹೇಳಿದೆವು. ಸೋಂದೆಯ ಅರಸು ಬಸವಲಿಂಗನು ಆ ಕೋಟೆಗೆ ತಂದೆಯ ಹೆಸರಿಟ್ಟನೆಂಬುದು ಹುಡುಗನಿಗೆ ಹಿಡಿಸಲಿಲ್ಲ. ಕೋಟೆ ಕಟ್ಟಿದವನು ತನ್ನ ಹೆಸರನ್ನೇ ಇಡಬೇಕಿತ್ತಂತೆ.

ಪುಸ್ತಕಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಬದಲಾಗಿದೆ. ಹೋಗುವ ಮುನ್ನ ಓದಿಸಬೇಕೆಂದು ಮೊದಲು ಹೇಳುತ್ತಿದ್ದೆವು. ಈಗ ಬಂದ ಮೇಲೆ ಓದಿಸಿರೆನ್ನುತ್ತೇವೆ. ಏಡಿಯನ್ನು ಕಂಡ ಮಗುವು ಏಡಿಯ ಪುಟವನ್ನು ತಾನೇ ಹುಡುಕುತ್ತದೆ. ಕಾರಂತರ ಸಂಪುಟಗಳಲ್ಲಿ ವಿಜ್ಞಾನ ಹಳೆಯದಾಗಿರಬಹುದು, ಕುತೂಹಲ ಹಳೆಯದಾಗಿಲ್ಲ. ಹಳೆಯ ಗ್ರಂಥಾಲಯಗಳಲ್ಲಿ ವಿಚಾರಿಸಿ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಚಿತ್ರಪುಸ್ತಕಗಳು ನಾಲ್ಕೈದು ವರ್ಷದವರಿಗೆ ತಕ್ಕವು. ಚುಟುಕಗಳಿಂದ ಮನೆಮಾತಾದ ದಿನಕರ ದೇಸಾಯರು ಪಕ್ಕದ ಅಂಕೋಲೆಯವರೇ. ಅವರು ಮಕ್ಕಳಿಗಾಗಿಯೂ ಪದ್ಯ ಬರೆದಿದ್ದಾರೆ; ಹಿಂದಿರುಗುವ ದಾರಿಯಲ್ಲಿ ತಾಯಂದಿರು ಗಟ್ಟಿಯಾಗಿ ಓದಲಿ.

ಆ ಹುಡುಗ ಈಗಲೂ ಕೆಲವು ಸಲ ತಂದೆಯ ಫೋನಿನಿಂದ ನಮ್ಮನ್ನು ಮಾತನಾಡಿಸುತ್ತಾನೆ. ಉಬ್ಬರವು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆಂದು ನಾವು ಹೇಳಿಕೊಟ್ಟಿದ್ದೆವು. ದೇವಬಾಗದಲ್ಲಿ ಇಂದು ಹೊಳೆ ಎಷ್ಟು ಗಂಟೆಗೆ ಹಿಂದಕ್ಕೆ ಹರಿಯುತ್ತದೆಂದು ಅವನು ಲೆಕ್ಕ ಒಪ್ಪಿಸುತ್ತಾನೆ. ನಾವು ಪಂಚಾಂಗದಲ್ಲಿ ತಿಥಿ ನೋಡಿ ತಾಳೆ ಹಾಕುತ್ತೇವೆ. ಕಳೆದ ಬಾರಿ ನಮ್ಮ ಲೆಕ್ಕವೇ ತಪ್ಪಿತ್ತು.