ಅಂಕಿತವಿಲ್ಲದ ಕಡತಗಳು



ಕಳೆದ ವಾರ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನು ಇಳಿಸಿ ಧೂಳು ಕೊಡಹುತ್ತಿದ್ದಾಗ ಹಳೆಯ ಪಾಠಟಿಪ್ಪಣಿಗಳ ನಡುವೆ ಒಂದು ಕಪ್ಪು ಫ್ಲಾಪಿ ದೊರಕಿತು. ಅದರ ಮೇಲಿನ ಚೀಟಿಯಲ್ಲಿ ನನ್ನದೇ ಕೈಬರಹದಲ್ಲಿ ‘ಅಜ್ಜಿಯ ಕಥೆ, 2002’ ಎಂದಿತ್ತು. ಅದರೊಳಗಿನದನ್ನೆಲ್ಲ ಎಂದೋ ಸಿ.ಡಿ.ಗೆ, ಅಲ್ಲಿಂದ ಪೆನ್‌ಡ್ರೈವಿಗೆ ವರ್ಗಾಯಿಸಿಕೊಂಡಿದ್ದೇನೆ. ಆದ್ದರಿಂದ ಅದನ್ನು ಎಸೆಯಬಹುದಿತ್ತು. ಆದರೆ ಮನಸ್ಸಾಗಲಿಲ್ಲ. ಅದು ನನ್ನ ಒಂದು ತಪ್ಪಿಗೆ ಸಾಕ್ಷಿ. ಆ ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತ ಒಂದು ಮಾತನ್ನು ಹೇಳಬೇಕೆಂದಿದ್ದೇನೆ.

2002ರ ದಸರಾ ರಜೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರಿಂದ, ಇಲ್ಲದಿದ್ದರೆ ನೆರೆಮನೆಯ ಅಜ್ಜಿಯಿಂದ, ಒಂದು ಕಥೆಯನ್ನೋ ಹಿಂದೆ ನಡೆದ ಒಂದು ಸಂಗತಿಯನ್ನೋ ಕೇಳಿ ಬರೆದು ತರಬೇಕು. ಅರವತ್ತಮೂರು ಮಕ್ಕಳು ತಂದರು. ಶಾಲೆಯಲ್ಲಿದ್ದ ಒಂದೇ ಗಣಕಯಂತ್ರದಲ್ಲಿ ಸರದಿಯ ಮೇಲೆ ಕುಳಿತು ‘ನುಡಿ’ ತಂತ್ರಾಂಶದಲ್ಲಿ ಅವನ್ನೆಲ್ಲ ಬೆರಳಚ್ಚು ಮಾಡಿದರು. ಬರೆದ ಹಾಳೆಗಳನ್ನು ಮಕ್ಕಳಿಗೇ ಹಿಂದಿರುಗಿಸಿದೆ. ಪ್ರತಿಯೊಂದು ಕಡತಕ್ಕೂ ‘ಅಜ್ಜಿಯ ಕಥೆ’ ಎಂದು ಮೊದಲುಮಾಡಿ, ಅಜ್ಜಿಯ ಹೆಸರು, ಊರು, ಬರೆದವರ ಹೆಸರು ಇಷ್ಟನ್ನೂ ರೋಮನ್ ಲಿಪಿಯಲ್ಲಿ ಸೇರಿಸಿ ಹೆಸರಿಡುವಂತೆ ಹೇಳಿದವನು ನಾನೇ. ಹೀಗಾಗಿ ಒಂದೊಂದು ಹೆಸರೂ ನಲವತ್ತು ಅಕ್ಷರಗಳಷ್ಟು ಉದ್ದವಾಯಿತು. ಪರದೆಯ ಮೇಲೆ ತಮ್ಮ ಅಜ್ಜಿಯ ಹೆಸರನ್ನು ಕಂಡು ಮಕ್ಕಳು ಹಿಗ್ಗಿದ್ದು ಈಗಲೂ ನನ್ನ ಕಣ್ಣಮುಂದಿದೆ.

ಅಷ್ಟಾದ ಮೇಲೆ ಎಲ್ಲವನ್ನೂ ನಕಲು ತೆಗೆದಿಡಬೇಕಲ್ಲವೆ? ನನ್ನ ಬಳಿ ಉಳಿದಿದ್ದುದು ಒಂದೇ ಒಂದು ಖಾಲಿ ಫ್ಲಾಪಿ. 1.44 ಎಂ.ಬಿ. ಹಿಡಿಯುವ ಆ ಬಿಲ್ಲೆಯಲ್ಲಿ ನಮ್ಮ ಕಡತಗಳೆಲ್ಲ ಹಿಡಿಯಬೇಕಿತ್ತು. ಲೆಕ್ಕ ಹಾಕಿಯೇ ಹೊರಟಿದ್ದೆ. ಆದರೆ ನಲವತ್ತನಾಲ್ಕನೆಯ ಕಡತದ ಬಳಿಕ ಯಂತ್ರವು ಇನ್ನು ಸಾಧ್ಯವಿಲ್ಲವೆಂದಿತು. ನೋಡಿದರೆ ಜಾಗ ಇನ್ನೂ ಇದೆ! ಇದರ ಗುಟ್ಟು ನನಗೆ ತಿಳಿದದ್ದು ವರ್ಷಗಳ ನಂತರ. ಫ್ಲಾಪಿಯ ಮೊದಲ ಪುಟದಂತಿರುವ ಮೂಲಸೂಚಿಯಲ್ಲಿ ಇರುವುದು 224 ಸಾಲುಗಳು ಮಾತ್ರ. ಹಳೆಯ ಡಾಸ್ ಪದ್ಧತಿಯಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ. ಕಡತವೊಂದಕ್ಕೆ ಒಂದೇ ಸಾಲು ಸಾಕು. ವಿಂಡೋಸ್ 95 ಬಂದಾಗ 255 ಅಕ್ಷರಗಳವರೆಗಿನ ಉದ್ದ ಹೆಸರುಗಳಿಗೆ ಅವಕಾಶವಾಯಿತು. ಆದರೆ ಅವು ಅದೇ ಹಳೆಯ ಸೂಚಿಯಲ್ಲಿ, ಹದಿಮೂರು ಅಕ್ಷರಗಳಿಗೆ ಒಂದು ಸಾಲಿನಂತೆ, ಹೆಚ್ಚಿನ ಸಾಲುಗಳನ್ನು ಆಕ್ರಮಿಸುತ್ತಿದ್ದವು. ನಲವತ್ತು ಅಕ್ಷರಗಳ ನಮ್ಮ ಹೆಸರಿಗೆ ನಾಲ್ಕು ಸಾಲು, ಅದರ ಗಿಡ್ಡ ಹೆಸರಿಗೆ ಒಂದು, ಒಟ್ಟು ಐದು. 224ನ್ನು ಐದರಿಂದ ಭಾಗಿಸಿ ನೋಡಿ. ಜಾಗವಿದ್ದೂ ನಮ್ಮ ಹೆಸರುಗಳಿಗೆ ಎಡೆಯಿರಲಿಲ್ಲ.

ಫ್ಲಾಪಿಯೊಳಗೆ ಒಂದು ಫೋಲ್ಡರ್ ಮಾಡಿ ಅದರೊಳಗೆ ಹಾಕಿದ್ದರೆ ಈ 224ರ ಮಿತಿಯೇ ಇರುತ್ತಿರಲಿಲ್ಲ. ಆ ಅರಿವು ನನಗೆಲ್ಲಿತ್ತು? ಬಲ್ಲವರೊಬ್ಬರು ಯಂತ್ರವನ್ನು ಡಾಸ್‌ನಲ್ಲಿ ತೆರೆದು ನಕಲು ಮಾಡಲು ಹೇಳಿಕೊಟ್ಟರು. ಮಾಡಿದೆ. ಅರವತ್ತಮೂರೂ ಸುಸೂತ್ರವಾಗಿ ಹಿಡಿದವು. ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟು, ನೆಮ್ಮದಿಯಿಂದ ಮನೆಗೆ ಹೋದೆ.

2003ರ ಮುಂಗಾರಿನ ಮೊದಲ ಗುಡುಗಿಗೆ ಶಾಲೆಯ ಯಂತ್ರ ಸುಟ್ಟುಹೋಯಿತು. ‘ಚಿಂತೆಯಿಲ್ಲ, ನಕಲು ಇದೆ’ ಎಂದು ಎಲ್ಲರಿಗೂ ಧೈರ್ಯ ಹೇಳಿದೆ. ಬೇರೊಂದು ಯಂತ್ರದಲ್ಲಿ ಫ್ಲಾಪಿಯನ್ನು ತೆರೆದಾಗ ಕಂಡದ್ದೇನು? ‘ಅಜ್ಜಿಯ’ ಎಂಬುದರ ಐದೋ ಆರೋ ರೋಮನ್ ಅಕ್ಷರಗಳು, ಒಂದು ಅಲೆಗೆರೆ, ಒಂದು ಸಂಖ್ಯೆ. ಅಜ್ಜಿಯ 1, ಅಜ್ಜಿಯ 2, ಹೀಗೆ ಅರವತ್ತಮೂರರವರೆಗೆ. ಡಾಸ್ ಉದ್ದ ಹೆಸರುಗಳನ್ನು ಕಾಣಲಾರದು. ಗಿಡ್ಡ ಹೆಸರುಗಳನ್ನು ಮಾತ್ರ ಅದು ಒಯ್ದಿತ್ತು. ಆ ಅಂಕಿಗಳು ಹಾಜರಿ ಪುಸ್ತಕದ ಕ್ರಮವೂ ಅಲ್ಲ; ಯಾರು ಯಾವಾಗ ಯಂತ್ರದ ಮುಂದೆ ಕುಳಿತರೋ ಆ ಕ್ರಮ. ಹೆಸರನ್ನು ಕಡತದ ಮೇಲೆ ಬರೆದಿದ್ದೇವೆಂಬ ಧೈರ್ಯದಿಂದ ಒಳಗೆ ಬರೆಸಿರಲೇ ಇಲ್ಲ. ಕಥೆಗಳೆಲ್ಲ ಉಳಿದವು, ಹೇಳಿದವರು ಅಳಿಸಿಹೋದರು.

ಒಳಗಿನ ಊರುಕೇರಿಗಳ ಪ್ರಸ್ತಾಪ, ಮಾತಿನ ಧಾಟಿ ಇವುಗಳ ಆಧಾರದಿಂದ ನಲವತ್ತೊಂದನ್ನು ಗುರುತಿಸಿದೆ. ಇಪ್ಪತ್ತೆರಡು ಇಂದಿಗೂ ಅನಾಥ. ಅವುಗಳಲ್ಲಿ ಮೂವತ್ತೇಳನೆಯದು ನನ್ನನ್ನು ಬಿಡದೆ ಕಾಡುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಊರುಗಳು ಮುಳುಗಿದವಷ್ಟೆ. ಆ ನೀರಿಗೆ ಮನೆ ಬಿಟ್ಟುಬಂದ ಅಜ್ಜಿಯೊಬ್ಬರ ಮಾತು ಅದು. ತುಳಸಿಕಟ್ಟೆಯ ಒಂದು ಹಿಡಿ ಮಣ್ಣನ್ನು ಅಡಕೆಯ ಹಾಳೆಯಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದ್ದು, ದಾರಿಯುದ್ದಕ್ಕೂ ಅದನ್ನು ಮಡಿಲಿನಿಂದ ಇಳಿಸದೇ ಇದ್ದದ್ದು, ಒಂದೂವರೆ ಪುಟದಲ್ಲಿದೆ. ಇದು ಬರಿಯ ಕಥೆಯಲ್ಲ, ಸಾಕ್ಷ್ಯ. ಹೆಸರಿಲ್ಲದ ಸಾಕ್ಷಿಯ ಮಾತಿಗೆ ಯಾವ ಬೆಲೆ? ಮನೆ ಕಳೆದುಕೊಂಡವರ ಹೆಸರನ್ನೂ ನಾನು ಕಳೆದೆನಲ್ಲ ಎಂಬ ಕೊರಗು ನನ್ನದು.

ಈ ಸಂದರ್ಭದಲ್ಲಿ ನಮ್ಮ ವಚನಗಳ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಮಾತುಗಳು ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತ ಬಂದವು. ಫ.ಗು. ಹಳಕಟ್ಟಿಯವರು ಅಂತಹ ಗರಿಗಳನ್ನು ಅರಸಿ ಕಲೆಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅಷ್ಟು ದೀರ್ಘ ಕಾಲದ ಬಳಿಕವೂ ಯಾವ ವಚನ ಯಾರದೆಂದು ತಿಳಿಯಲು ಮುಖ್ಯ ನೆರವಾದದ್ದು ಅಂಕಿತ. ಕಟ್ಟಿನ ದಾರ ಹರಿದರೂ, ಗರಿಗಳು ಅದಲುಬದಲಾದರೂ ಅಂಕಿತ ವಚನದೊಳಗೇ ಇದೆ. ಅಕ್ಕಿ ಆಯ್ದು ಬದುಕಿದ ಲಕ್ಕಮ್ಮನ ಮಾತನ್ನು ನಾವು ಇಂದು ಆಕೆಯದೆಂದೇ ಗುರುತಿಸುವುದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತದಿಂದ. ಆ ಲಕ್ಕಮ್ಮನಿಗೆ ದೊರೆತ ಭಾಗ್ಯ ನಮ್ಮ ಇಪ್ಪತ್ತೆರಡು ಅಜ್ಜಿಯರಿಗೆ ದೊರೆಯಲಿಲ್ಲ.

‘ಮೇಷ್ಟ್ರೇ, ಈಗ ಫ್ಲಾಪಿ ಎಲ್ಲಿದೆ? ಜಾಗದ ಕೊರತೆಯೂ ಇಲ್ಲ’ ಎಂದು ನೀವು ನಗಬಹುದು. ಜಾಗ ಹೆಚ್ಚಿದೆ, ನಿಜ. ಹೆಸರಿನ ಕಷ್ಟ ಹಾಗೆಯೇ ಇದೆ. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಡತದ ಹೆಸರಿಗೆ 255 ಬೈಟುಗಳ ಮಿತಿ. ಯೂನಿಕೋಡ್‌ನ ಯು.ಟಿ.ಎಫ್.-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಎಂದರೆ 85 ಸಂಕೇತಗಳಿಗೆ ಮುಗಿಯಿತು. ‘ಷ್ಟ್ರ’ ಎಂಬ ಒಂದು ಒತ್ತಕ್ಷರಕ್ಕೇ ಐದು ಸಂಕೇತ, ಹದಿನೈದು ಬೈಟು. ಇನ್ನು ನಿಮ್ಮ ದೂರವಾಣಿಗಳಲ್ಲಿರುವ ಚಿತ್ರಗಳನ್ನೇ ನೋಡಿ. ವಾಟ್ಸಾಪಿನಿಂದ ಬಂದ ಚಿತ್ರದ ಹೆಸರಿನಲ್ಲಿ ದಿನಾಂಕವಿದೆ, ಕ್ರಮಸಂಖ್ಯೆಯಿದೆ, ಮನುಷ್ಯರ ಹೆಸರಿಲ್ಲ. ಮೂವತ್ತು ವರ್ಷಗಳ ಬಳಿಕ ನಿಮ್ಮ ಮೊಮ್ಮಕ್ಕಳು ಅದನ್ನು ತೆರೆದಾಗ ಯಾರೆಂದು ಬಲ್ಲರು? ನನ್ನ ‘ಅಜ್ಜಿಯ 37’ಕ್ಕೂ ಅದಕ್ಕೂ ಏನು ವ್ಯತ್ಯಾಸ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ನಕಲು ತೆಗೆಯುವುದು ಬೇರೆ, ಉಳಿಸುವುದು ಬೇರೆ. ಇನ್ನೊಬ್ಬರು ತೆರೆದು, ಇದು ಇಂಥವರದೆಂದು ತಿಳಿಯುವಂತಿದ್ದರೆ ಮಾತ್ರ ಅದು ಉಳಿದಂತೆ. ಕಡತದ ಮೇಲಿನ ಹೆಸರು ಗಿಡ್ಡದಾಗಿರಲಿ. ವರ್ಷ, ತಿಂಗಳು, ಎರಡು ಪದ ಸಾಕು. ಯಾರು ಹೇಳಿದ್ದು, ಎಲ್ಲಿ, ಯಾವಾಗ, ಬರೆದವರಾರು ಎಂಬುದು ಒಳಗಿನ ಮೊದಲ ಸಾಲಿನಲ್ಲಿರಲಿ. ಧ್ವನಿಮುದ್ರಣವಾದರೆ, ಮಾತು ಆರಂಭವಾಗುವ ಮುನ್ನ ಅಜ್ಜಿಯ ಬಾಯಿಂದಲೇ ಅವರ ಹೆಸರನ್ನೂ ಊರನ್ನೂ ಹೇಳಿಸಿ. ಅದೇ ಅಂಕಿತ. ನಕಲಾದ ಮೇಲೆ ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ನಾನು ಆ ದಿನ ಇದೊಂದನ್ನು ಮಾಡಿದ್ದರೂ ಸಾಕಿತ್ತು, ಮೂಲ ಇನ್ನೂ ಯಂತ್ರದಲ್ಲೇ ಇತ್ತು.

ಕೊನೆಯದಾಗಿ ಒಂದು ಬೇಡಿಕೆ. 2002ರ ಆ ತರಗತಿಯವರು ಇಂದು ನಲವತ್ತರ ಆಸುಪಾಸಿನಲ್ಲಿದ್ದೀರಿ. ನಿಮ್ಮ ಹಳೆಯ ಪುಸ್ತಕಗಳ ನಡುವೆ ನಾನು ಹಿಂದಿರುಗಿಸಿದ ಆ ಹಾಳೆ ಇರಬಹುದು. ಹುಡುಕಿ ನೋಡಿ. ಹಾಳೆ ಸಿಗದಿದ್ದರೂ, ತುಳಸಿಕಟ್ಟೆಯ ಮಣ್ಣನ್ನು ಮಡಿಲಲ್ಲಿಟ್ಟುಕೊಂಡು ಬಂದ ಆ ಅಜ್ಜಿ ನಿಮ್ಮ ಮನೆಯವರಾಗಿದ್ದರೆ, ಅವರ ಹೆಸರನ್ನು ನನಗೆ ತಿಳಿಸಿ. ಮೂವತ್ತೇಳನೆಯ ಕಡತದ ಮೊದಲ ಸಾಲನ್ನು ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದೇನೆ.