ಲಾರಿ ಇಂಜಿನ್ ಇಳಿಸುವ ಮೊದಲು



ಕೊಯ್ಲು ಮುಗಿದು ಮಾಲು ಸಾಗಿಸುವ ದಿನಗಳು ಬಂದವೆಂದರೆ ನಮ್ಮ ಜೀವವೆಲ್ಲ ಲಾರಿಯ ಮೇಲೆಯೇ ಇರುತ್ತದೆ. ಅಂಥ ಹೊತ್ತಿನಲ್ಲಿ ಇಂಜಿನ್ ಸದ್ದು ಮಾಡಿ ನಿಂತರೆ ಮೊದಲು ಬರುವ ಮಾತು ‘ಎಷ್ಟು ಖರ್ಚು?’ ಎಂದು, ಎರಡನೆಯದು ‘ಯಾರ ತಪ್ಪು?’ ಎಂದು. ಇವೆರಡಕ್ಕೂ ಮೊದಲು ಕೇಳಬೇಕಾದ ‘ಏನಾಗಿದೆ, ಏಕೆ ಆಗಿದೆ?’ ಎಂಬ ಪ್ರಶ್ನೆಯನ್ನು ನಾವು ಮರೆಯುತ್ತೇವೆ. ಮರೆತುದರಿಂದ ಆಗಲಿದ್ದ ಅನ್ಯಾಯವೊಂದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇವೆ.

ಹಿಂದಿನ ಹಂಗಾಮಿನಲ್ಲಿ ಸಂಘದ ಲಾರಿ ಕಾಫಿ ಮೂಟೆ ಹೊತ್ತು ಸಕಲೇಶಪುರದಿಂದ ಮಂಗಳೂರಿಗೆ ಹೊರಟು ಶಿರಾಡಿ ಘಾಟಿ ಇಳಿಯಿತು. ಗುಂಡ್ಯದ ಹತ್ತಿರ ಇಂಜಿನ್ನಿನ ಮೇಲ್ಭಾಗದಲ್ಲಿ ಟಕಟಕ ಸದ್ದು ಎದ್ದಿತು. ಚಾಲಕರು ಕೂಡಲೇ ಇಂಜಿನ್ ನಿಲ್ಲಿಸಿ ಫೋನು ಮಾಡಿದರು. ಗ್ಯಾರೇಜಿನವರು ಸದ್ದು ಕೇಳಿದವರೇ, ‘ಘಾಟಿಯಲ್ಲಿ ಗೇರು ತಪ್ಪಿಸಿ ಇಂಜಿನ್ ಹಾರಿಸಿದ್ದಾನೆ, ಇಳಿಸಿ ಪೂರ್ತಿ ಕೆಲಸ ಮಾಡಬೇಕು’ ಎಂದರು. ಖರ್ಚನ್ನು ಚಾಲಕರ ಸಂಬಳದಿಂದ ಹಿಡಿಯಬೇಕೆಂಬ ಮಾತು ನಮ್ಮ ಸಭೆಯಲ್ಲೇ ಬಂತು. ನಾವೂ ಆಗ ಸುಮ್ಮನಿದ್ದೆವು.

ಗ್ಯಾರೇಜಿನವರ ಊಹೆ ಅಸಾಧ್ಯವಾದದ್ದೇನಲ್ಲ. ಇಂಜಿನ್ ಮಿತಿ ಮೀರಿದಾಗ ಗವರ್ನರ್ ಡೀಸೆಲನ್ನು ಕಡಿಮೆ ಮಾಡಬಲ್ಲದು. ಆದರೆ ಇಳಿಜಾರಿನಲ್ಲಿ ತಡವಾಗಿ ಸಣ್ಣ ಗೇರಿಗೆ ಹಾಕಿದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಅಲ್ಲಿ ಗವರ್ನರಿನ ಕೈ ಸಾಗದು. ಇಂಜಿನ್ 2000 ಸುತ್ತಿನಲ್ಲಿದ್ದಾಗ ಒಂದೊಂದು ವಾಲ್ವೂ ನಿಮಿಷಕ್ಕೆ 1000 ಸಲ ತೆರೆದು ಮುಚ್ಚುತ್ತದೆ. ವೇಗ ಮಿತಿ ಮೀರಿದರೆ ಸ್ಪ್ರಿಂಗಿಗೆ ವಾಲ್ವನ್ನು ಸಕಾಲಕ್ಕೆ ಮುಚ್ಚಲಾಗದೆ, ಪಿಸ್ಟನ್ ಬಂದು ಅದಕ್ಕೆ ಬಡಿಯುತ್ತದೆ, ಪುಶ್ ರಾಡ್ ಬಾಗುತ್ತದೆ.

ಆದರೆ ಪುಶ್ ರಾಡ್ ಬಾಗಲು ಅದೊಂದೇ ಕಾರಣವಲ್ಲ. ನಮ್ಮ ಪುಣ್ಯಕ್ಕೆ ಹಳೆಯ ಮೆಕ್ಯಾನಿಕ್ ಒಬ್ಬರು, ‘ಇಳಿಸುವ ಮಾತು ಆಮೇಲೆ, ಮೊದಲು ಟ್ಯಾಪೆಟ್ ಕವರ್ ತೆಗೆಯಿರಿ’ ಎಂದರು. ಇಂಜಿನ್ನನ್ನು ಸ್ಟಾರ್ಟ್ ಮಾಡದೆ ಕೈಯಿಂದಲೇ ತಿರುಗಿಸಿ, ಒಂದೊಂದು ರಾಕರ್ ಎಷ್ಟು ಏಳುತ್ತದೆಂದು ನೋಡಿದರು. ಫೀಲರ್ ಗೇಜಿನಿಂದ ಸಂದು ಅಳೆದರು. ಆರು ಸಿಲಿಂಡರಿನ ಹನ್ನೆರಡು ಪುಶ್ ರಾಡುಗಳನ್ನೂ ಹೊರತೆಗೆದು ಕನ್ನಡಿಯ ಮೇಲೆ ಉರುಳಿಸಿದರು. ಹನ್ನೊಂದು ನೆಟ್ಟಗೆ ಉರುಳಿದವು, ಒಂದು ಮಾತ್ರ ಕುಣಿಯಿತು. ಹೆಡ್ ತೆಗೆದಾಗ ಮಿಕ್ಕ ಪಿಸ್ಟನ್‌ಗಳ ತಲೆಯ ಮೇಲೆ ಬಡಿದ ಗುರುತೇ ಇರಲಿಲ್ಲ. ಬಾಗಿದ ರಾಡಿನ ಎಕ್ಸಾಸ್ಟ್ ವಾಲ್ವು ಕಪ್ಪು ಮಸಿ ಕಟ್ಟಿ ಗೈಡಿನಲ್ಲಿ ಕಚ್ಚಿಕೊಂಡಿತ್ತು. ಕೆಳಗಿನಿಂದ ಕ್ಯಾಮ್ ತಳ್ಳುತ್ತಿದೆ, ಮೇಲೆ ವಾಲ್ವು ಅಲುಗದು. ನಡುವಿನ ರಾಡು ಬಾಗದೆ ಏನು ಮಾಡೀತು?

ಇಂಜಿನ್ ಹಾರಿದ್ದರೆ ಏಟು ಸಾಮಾನ್ಯವಾಗಿ ಹಲವು ವಾಲ್ವುಗಳಿಗೆ ಬೀಳುತ್ತದೆ. ಕಚ್ಚಿಕೊಂಡ ವಾಲ್ವಾದರೆ ಏಟು ಒಂದೇ ಕಡೆ. ಮಸಿ ಕಟ್ಟಲು ಮುಖ್ಯ ಕಾರಣ ಹಳಸಿದ ಇಂಜಿನ್ ಆಯಿಲ್. ಆಯಿಲ್ ಬದಲಿಸುವ ಲೆಕ್ಕ ಸಂಘದ ಕಚೇರಿಯ ಪುಸ್ತಕದಲ್ಲಿದೆ. ಅವಧಿ ಮುಗಿದಿದ್ದರೂ ‘ಈ ಲೋಡ್ ಒಂದು ಹೋಗಿ ಬರಲಿ’ ಎಂದು ಮುಂದೂಡಿದವರು ನಾವೇ. ದಂಡ ತೆರಬೇಕಾಗಿದ್ದವರು ಚಾಲಕರಲ್ಲ. ಸದ್ದು ಕೇಳಿದೊಡನೆ ನಿಲ್ಲಿಸಿ ಇಂಜಿನ್ನನ್ನು ಉಳಿಸಿದವರೇ ಅವರು.

‘ಹಂಗಾಮಿನಲ್ಲಿ ಇಷ್ಟೆಲ್ಲ ಪರೀಕ್ಷೆಗೆ ಪುರುಸೊತ್ತೆಲ್ಲಿ? ಹೊಸ ರಾಡ್ ಹಾಕಿ ಕಳಿಸಿದರಾಯಿತು’ ಎನ್ನುವವರಿದ್ದಾರೆ. ಕಚ್ಚಿದ ವಾಲ್ವಿನ ಮೇಲೆ ಹೊಸ ರಾಡ್ ಹಾಕಿದರೆ ಅದೂ ಬಾಗುತ್ತದೆ, ಮತ್ತೆ ಘಾಟಿಯಲ್ಲೇ! ‘ಪೂರ್ತಿ ಕೆಲಸ ಮಾಡಿಸಿಬಿಟ್ಟರೆ ನಿಶ್ಚಿಂತೆ’ ಎನ್ನುವವರೂ ಇದ್ದಾರೆ. ಆಯಿಲ್ ಫಿಲ್ಟರ್ ಸೀಳಿದಾಗ ಲೋಹದ ಚೂರು ಕಂಡರೆ, ಎಲ್ಲ ಸಿಲಿಂಡರಿನ ಕಂಪ್ರೆಷನ್ನೂ ಇಳಿದಿದ್ದರೆ ಆ ಮಾತು ಸರಿ. ಇಲ್ಲವಾದರೆ ಅದು ಕಾಲಿಗೆ ಮುಳ್ಳು ಚುಚ್ಚಿದರೆ ಕಾಲನ್ನೇ ಕತ್ತರಿಸಿದ ಹಾಗೆ.

ಸ್ವಂತ ಲಾರಿ ಇರುವ ಸದಸ್ಯರು ಕೆಲವು ಲಕ್ಷಣಗಳನ್ನು ತಿಳಿದಿರಬೇಕು. ವಾಲ್ವಿನ ಸದ್ದು ಮೇಲಿನಿಂದ ಬರುತ್ತದೆ; ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ಟಕ್. ಬೇರಿಂಗಿನ ಬಡಿತ ಕೆಳಗಿನಿಂದ, ಭಾರವಾಗಿ ಬರುತ್ತದೆ. ಏರ್ ಕ್ಲೀನರಿನ ಕಡೆ ಹಿಂದಕ್ಕೆ ಉಸಿರು ಬಿಟ್ಟಂತಾದರೆ ಇನ್ಲೆಟ್ ವಾಲ್ವು ಮುಚ್ಚುತ್ತಿಲ್ಲವೆಂದೂ, ಸೈಲೆನ್ಸರಿನಲ್ಲಿ ಲಯಬದ್ಧವಾಗಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವು ಸೋರುತ್ತಿದೆಯೆಂದೂ ಅನುಮಾನಿಸಬಹುದು. ಸಂದು ಹೆಚ್ಚಿದ್ದರೆ ರಾಡು, ಟ್ಯಾಪೆಟ್ ಅಥವಾ ಕ್ಯಾಮ್ ಸವೆದಿರಬಹುದು, ಇಲ್ಲವೆ ರಾಡು ಬಾಗಿರಬಹುದು. ಸಂದೇ ಇಲ್ಲದಿದ್ದರೆ ವಾಲ್ವು ಸೀಟಿನೊಳಕ್ಕೆ ಇಳಿದಿರಬಹುದು. ಹನ್ನೆರಡು ವಾಲ್ವಿನ ಕಮ್ಮಿನ್ಸ್ 5.9 ಲೀಟರ್ ಇಂಜಿನ್ನಿಗೆ ತಣ್ಣಗಿದ್ದಾಗ ಇನ್ಲೆಟ್ 0.25, ಎಕ್ಸಾಸ್ಟ್ 0.51 ಮಿ.ಮೀ. ಸಂದು. ಬೇರೆ ಇಂಜಿನ್ನುಗಳಿಗೆ ಅವುಗಳ ಕೈಪಿಡಿಯೇ ಪ್ರಮಾಣ.

ಒಂದು ಎಚ್ಚರಿಕೆ. ಹಳೆಯ ಪಂಪಿನ ಇಂಜಿನ್ನುಗಳಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸದ್ದು ಹಿಡಿಯುವ ರೂಢಿಯುಂಟು. ಕಾಮನ್ ರೈಲ್ ಲಾರಿಗಳಲ್ಲಿ ಇದನ್ನು ಎಂದಿಗೂ ಮಾಡಕೂಡದು. ಅಲ್ಲಿನ ಒತ್ತಡ 1000 ಬಾರ್‌ಗೂ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ಬರೆದುಕೊಡದೆ ಸಂಘದ ಲಾರಿಯ ಇಂಜಿನ್ ಇಳಿಸಕೂಡದು. ತೆಗೆದ ಹಳೆಯ ಭಾಗಗಳು ಸಂಘಕ್ಕೆ ಮರಳಿ ಬರಬೇಕು. ಆಯಿಲ್ ಬದಲಿಸಿದ ಲೆಕ್ಕದ ಒಂದು ಪ್ರತಿ ಲಾರಿಯಲ್ಲೇ ಇರಬೇಕು. ಕಾರಣ ರುಜುವಾತಾಗುವ ತನಕ ಚಾಲಕರ ಸಂಬಳಕ್ಕೆ ಕೈ ಹಾಕಕೂಡದು. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಇದನ್ನು ಚರ್ಚಿಸಿ ತೀರ್ಮಾನಿಸಬೇಕೆಂದು ನಮ್ಮ ವಿನಂತಿ.