ಪೆಸಿಫಿಕ್ ನುಂಗುವ ಶನಿವಾರ

ದೇವರಾಯನದುರ್ಗದಲ್ಲಿ ಯೋಗನರಸಿಂಹನ ಗುಡಿಯ ಮೆಟ್ಟಿಲು ಹತ್ತುವಾಗ ಮುಂದಿದ್ದ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ಒಬ್ಬರು ನಿವೃತ್ತ ಮೇಡಂ ಇರಬೇಕು. ದನಿಯಲ್ಲಿ ಇನ್ನೂ ತರಗತಿಯಿತ್ತು. ಮಗಳ ಮನೆ ವ್ಯಾಂಕೂವರ್‌ನಲ್ಲಂತೆ. ಅಲ್ಲಿಂದ ಹಡಗು ಹತ್ತಿ ಪೆಸಿಫಿಕ್ ದಾಟಿ ಯೊಕೊಹಾಮಾದಲ್ಲಿ ಇಳಿದು, ಒಂದಷ್ಟು ದಿನ ಊರು ಸುತ್ತಿ ಬೆಂಗಳೂರಿಗೆ ಬರುವ ಆಲೋಚನೆ.

"ಒಬ್ರೇನಾ ಅಕ್ಕಾ?"

"ಹೂಂ, ಒಬ್ಳೇ. ಮಧ್ಯೆ ಒಂದು ದಿನ ಮಾಯ ಆಗುತ್ತಂತೆ ಕಣೇ. ಅದು ಶನಿವಾರವೇ ಆದ್ರೆ ನನ್ನ ಒಪ್ಪತ್ತಿನ ಗತಿ ಏನು? ಸಾಲದ್ದಕ್ಕೆ ಒಬ್ಳಿಗೂ ಇಬ್ಬರ ದುಡ್ಡು ಕೇಳ್ತಾರೆ."

ನನ್ನ ಕಿವಿ ನಿಂತದ್ದು ಶನಿವಾರದ ಮೇಲೆ. ಅಧಿಕಮಾಸದ ಬಗ್ಗೆ ಬರೆದಾಗ ಬೈದು ಕಾಗದ ಬರೆದ ಓದುಗರು ಈ ವಾರವೂ ಪೆನ್ನು ಹಿಡಿದುಕೊಂಡೇ ಕೂರಲಿ.

ಪಂಚಾಂಗದ ಐದು ಅಂಗಗಳಲ್ಲಿ ನಾಲ್ಕನ್ನು ಪೆಸಿಫಿಕ್ ಏನೂ ಮಾಡಲಾರದು. ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯುವ ಹೊತ್ತು; ಗುಬ್ಬಿಯಲ್ಲಿ ನಿಂತರೂ ಅಷ್ಟೇ, ನಡುಗಡಲಲ್ಲಿ ನಿಂತರೂ ಅಷ್ಟೇ. ನಕ್ಷತ್ರ, ಯೋಗ, ಕರಣಗಳೂ ಆ ಇಬ್ಬರ ನಡಿಗೆಯಿಂದಲೇ ಹುಟ್ಟುವಂಥವು. ನರಸಿಂಹನ ಸ್ವಾತಿಯನ್ನು ಯಾವ ಹಡಗೂ ಕಳೆಯಲಾರದು. ವಾರ ಮಾತ್ರ ಮನುಷ್ಯ ಬೆರಳು ಮಡಿಚಿ ಎಣಿಸಿದ್ದು. ಪಶ್ಚಿಮಕ್ಕೆ ಹೋಗುವ ಹಡಗು ಪೆಸಿಫಿಕ್ ನಡುವೆ ತಾರೀಖು ಬದಲಾಗುವ ದಿನರೇಖೆ ದಾಟಿದಾಗ ಶುಕ್ರವಾರ ರಾತ್ರಿ ಮಲಗಿದವರು ಭಾನುವಾರ ಏಳಬಹುದು. ಬಾರದ ಶನಿವಾರಕ್ಕೆ ಒಪ್ಪತ್ತಿನ ಬಾಧ್ಯತೆ ಇಲ್ಲವೆಂದು ನನ್ನ ತೀರ್ಪು. ಒಂದು ಸೂರ್ಯೋದಯವನ್ನೂ ಕಾಣದ ತಿಥಿಯನ್ನು ಕ್ಷಯವೆಂದು ಬರೆದು ಮುಂದೆ ಹೋಗುವ ನಮ್ಮ ಪಂಚಾಂಗದವರಿಗೆ ಇದೇನು ಹೊಸತಲ್ಲ.

ಪೂರ್ವಕ್ಕೆ ಹೋದವರಿಗೆ ಲೆಕ್ಕ ತಿರುವುಮುರುವು. ಮೈಸೂರಿನಲ್ಲಿ ಅರಮನೆಯ ಅತಿಥಿಯಾಗಿದ್ದ ಮರುವರ್ಷ, 1893ರ ಜುಲೈ 14ರ ಶುಕ್ರವಾರ, ವಿವೇಕಾನಂದರು ಯೊಕೊಹಾಮಾದಲ್ಲಿ 'ಎಂಪ್ರೆಸ್ ಆಫ್ ಇಂಡಿಯಾ' ಹಡಗು ಹತ್ತಿ 25ರಂದು ವ್ಯಾಂಕೂವರ್ ತಲುಪಿದರು. ಕಾಗದದ ಮೇಲೆ 11 ದಿನ. ಹಡಗಿನ ಮೇಲೆ ಸೂರ್ಯ 12 ಸಲ ಹುಟ್ಟಿದ. ಮೆಗೆಲನ್ ಹೊರಡಿಸಿದ ಯಾತ್ರೆಯಲ್ಲಿ ಬದುಕುಳಿದವರು ಪಶ್ಚಿಮಕ್ಕೇ ಸಾಗಿ ಭೂಮಿಯನ್ನು ಸುತ್ತಿ 1522ರ ಜುಲೈನಲ್ಲಿ ಕೇಪ್ ವರ್ಡೆಗೆ ಬಂದಾಗ ಅವರ ದಿನಚರಿಯಲ್ಲಿ ಬುಧವಾರ, ದಡದಲ್ಲಿ ಗುರುವಾರ. ಅದನ್ನು ಒಂದು ದಿನವೂ ತಪ್ಪದೆ ಬರೆದ ಸಹಯಾತ್ರಿ ಪಿಗಾಫೆಟ್ಟಾ ಕಂಗಾಲಾಗಿದ್ದ. ಸಮೋವಾ ದೇಶವಂತೂ ವ್ಯಾಪಾರಕ್ಕೆ ಅನುಕೂಲವೆಂದು ರೇಖೆಯ ಆಚೆ ಬದಿಗೆ ಜಿಗಿದು 2011ರ ಡಿಸೆಂಬರ್ 30ನೇ ಶುಕ್ರವಾರವನ್ನೇ ಕೈಬಿಟ್ಟಿತು.

ಇನ್ನು ಮೇಡಂ ಇಳಿಯಲಿರುವ ಜಪಾನು. ನಮ್ಮಂತೆಯೇ ಚಾಂದ್ರಮಾನ, ಅಧಿಕಮಾಸ ಎಲ್ಲ ಇದ್ದ ದೇಶ ಅದು. 1872ರಲ್ಲಿ ಅದನ್ನೆಲ್ಲ ಬಿಟ್ಟು ಪಾಶ್ಚಾತ್ಯ ಕ್ಯಾಲೆಂಡರಿಗೆ ಬದಲಾಯಿತು; ಹನ್ನೆರಡನೆಯ ತಿಂಗಳ ಎರಡನೆಯ ದಿನ ಮುಗಿದು ಬೆಳಗಾದರೆ 1873ರ ಜನವರಿ 1. ಹಳೆಯ ಲೆಕ್ಕದಲ್ಲಿ ಮುಂದಿನ ವರ್ಷಕ್ಕೆ ಅಧಿಕಮಾಸ ಬರುವುದಿತ್ತು. ಅದೂ ತಪ್ಪಿತು, ಎರಡು ದಿನಕ್ಕೆ ಮೊಟಕಾದ ತಿಂಗಳೂ ತಪ್ಪಿತು, ಸರ್ಕಾರಕ್ಕೆ ಎರಡು ತಿಂಗಳ ಸಂಬಳ ಉಳಿಯಿತು. ಆದರೂ ಶನಿವಾರ ಅಲ್ಲಿ ಅಪರಿಚಿತವಲ್ಲ. 806ರಲ್ಲಿ ಚೀನಾದಿಂದ ಮರಳಿದ ಕೂಕೈ ಎಂಬ ಭಿಕ್ಷು ತಂದ ಹೊತ್ತಗೆಗಳಲ್ಲಿ ಭಾರತ ಮೂಲದ ನಕ್ಷತ್ರ, ವಾರಗಳ ಶಾಸ್ತ್ರವೂ ಇತ್ತು. ಇಂದಿಗೂ ಅಲ್ಲಿನ ಶನಿವಾರ ಶನಿಗ್ರಹದ್ದೇ ದಿನ. ತಿಥಿ ಎಲ್ಲೆಡೆ ಒಂದೇ ಆದರೂ ಸೂರ್ಯೋದಯ ಊರೂರಿಗೆ ಬೇರೆ. ಹೀಗಿದ್ದೂ, ಪರದೇಶದಲ್ಲಿ ಕೂತು ಬೆಂಗಳೂರಿನ ಸೂರ್ಯೋದಯ ಹಿಡಿದು ಏಕಾದಶಿ ಮಾಡುವ ನಮ್ಮವರನ್ನೂ, ಊರು ಯಾವುದೆಂದು ಕೇಳದೆಯೇ ರಾಹುಕಾಲ ಹೇಳುವ ಮೊಬೈಲ್ ಆ್ಯಪ್‌ಗಳನ್ನೂ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇಷ್ಟು ಬರೆದ ಮೇಲೆ ಮೇಡಂ ಹೇಳಿದ ಕೊನೆಯ ಮಾತು ಕಾಡತೊಡಗಿತು. ಶನಿವಾರ ಹೋದರೆ ದೇವರು ಒಪ್ಪಿಯಾನು. ಒಬ್ಬಳಿಗೆ ಇಬ್ಬರ ದುಡ್ಡು ಎಂಬುದನ್ನು ಯಾವ ಶಾಸ್ತ್ರ ಒಪ್ಪುತ್ತದೆ?

ಹಡಗಿನವರ ಲೆಕ್ಕ ಸರಳ. ಕೋಣೆ ಇಬ್ಬರದು, ಬಾರದ ಆ ಇನ್ನೊಬ್ಬರ ಟಿಕೆಟ್ಟನ್ನೂ ಬಂದವರೇ ಕೊಡಬೇಕು, ಕೆಲವೊಮ್ಮೆ ಪೂರ್ತಿಯಾಗಿ. ಒಬ್ಬರಿಗೆಂದೇ ಸಾಲು ಸಾಲು ಕೋಣೆ ಕಟ್ಟಿದ 'ನಾರ್ವೀಜಿಯನ್ ಎಪಿಕ್' ಯಾನ ಶುರುಮಾಡಿದ್ದು 2010ರಲ್ಲಿ. ಜಪಾನಿನ ನಗರಗಳು ಇದನ್ನು ಬಹಳ ಮೊದಲೇ ಅರಿತಿದ್ದವು. ಒಬ್ಬರು ಕಾಲು ಚಾಚುವಷ್ಟು ಗೂಡಿನ ಕ್ಯಾಪ್ಸೂಲ್ ಹೋಟೆಲು ಒಸಾಕಾದಲ್ಲಿ 1979ರಲ್ಲೇ ಬಂತು. ಒಬ್ಬರೇ ಕೂತು ಉಣ್ಣುವ ಉದ್ದ ಕಟ್ಟೆಗಳು ಬೀದಿ ಬೀದಿಯಲ್ಲಿವೆ. 2020ರ ಜನಗಣತಿಯಂತೆ ಅಲ್ಲಿ ಶೇಕಡ 38ರಷ್ಟು ಮನೆಗಳಲ್ಲಿ ಇರುವುದು ಒಬ್ಬರೇ. ಹಾಗೆಂದು ಅದೇನು ಒಂಟಿಗಳ ಸ್ವರ್ಗವಲ್ಲ: ಹಳೆಯ ಮಾದರಿಯ ವಸತಿಗೃಹಗಳಲ್ಲಿ ಒಬ್ಬರೇ ಬಂದರೆ ಈಗಲೂ ಹಿಂದೆಮುಂದೆ ನೋಡುವವರಿದ್ದಾರೆ.

ನೋಡುವವರು ಇಲ್ಲೂ ಇದ್ದಾರೆ. ಒಂದು ಪುಣ್ಯಕ್ಷೇತ್ರದ ಯಾತ್ರಿನಿವಾಸದಲ್ಲಿ ಗುಮಾಸ್ತ ನನ್ನ ಆಧಾರ್ ಕಾರ್ಡನ್ನು ಎರಡೂ ಬದಿ ತಿರುಗಿಸಿ, "ಜೊತೆಗೆ ಯಾರೂ ಇಲ್ವಾ? ಸಿಂಗಲ್ಸ್‌ಗೆ ರೂಂ ಇಲ್ಲ ಸಾರ್" ಎಂದ. ಕಾರಣ ಕೇಳಿದೆ. "ಏನಾದ್ರೂ ಮಾಡ್ಕೊಂಡ್ರೆ?" ಅಂದ. ಗಂಡಸಾದ ನನಗೇ ಹೀಗಾದರೆ ಒಂಟಿ ಹೆಂಗಸಿಗೆ ಇನ್ನೆಂಥ ಪ್ರಶ್ನೆಗಳು ಕಾದಿರುತ್ತವೋ. ಅಕ್ಕಮಹಾದೇವಿ ಕಲ್ಯಾಣಕ್ಕೂ ಶ್ರೀಶೈಲಕ್ಕೂ ಒಬ್ಬಳೇ ನಡೆದದ್ದನ್ನು ಭಾಷಣದಲ್ಲಿ ಹೊಗಳುತ್ತೇವೆ. ಊರೂರು ಅಲೆದ ಪರಿವ್ರಾಜಕರ ಪಟಕ್ಕೆ ಹಾರ ಹಾಕುತ್ತೇವೆ. ಅದೇ ಪಟದ ಕೆಳಗೆ ಕೂತ ಗುಮಾಸ್ತ ಒಂಟಿ ಬಂದವರನ್ನು ವಾಪಸು ಕಳಿಸುತ್ತಾನೆ. ಸಾಯಲು ಬಂದವರೋ ಎಂಬ ಭಯ ನಿಜವೇ ಇರಬಹುದು. ಅದಕ್ಕೆ ರಾತ್ರಿ ಒಮ್ಮೆ ಬಾಗಿಲು ತಟ್ಟಿ ಊಟ ಆಯಿತೇ ಎಂದು ಕೇಳಿದರೆ ಸಾಕಲ್ಲ.

ದೇವರಾಯನದುರ್ಗದ ಫಾಲ್ಗುಣದ ತೇರಿಗೆ ಒಬ್ಬೊಬ್ಬರೇ ಬಸ್ಸು ಹತ್ತಿ ಬರುವ ವಯಸ್ಸಾದವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ತುಮಕೂರು ಸೀಮೆಯ ದೇವಸ್ಥಾನ ಸಮಿತಿಗಳಿಗೂ ಛತ್ರ ನಡೆಸುವವರಿಗೂ ನನ್ನ ಕೋರಿಕೆ ಇಷ್ಟೇ: ಪ್ರತಿ ವಸತಿಗೃಹದಲ್ಲೂ ಎರಡು ಕೋಣೆಯನ್ನಾದರೂ ಒಬ್ಬರೇ ಬರುವವರಿಗೆಂದು ಮೀಸಲಿಡಿ, ಒಬ್ಬರ ಬಾಡಿಗೆಯನ್ನೇ ತೆಗೆದುಕೊಳ್ಳಿ. ಯಾವ ಸಮಿತಿಯಾದರೂ ಹಾಗೆ ಮಾಡಿದರೆ ತಿಳಿಸಿ, ಹೆಸರು ಹಾಕಿ ಇಲ್ಲೇ ಬರೆಯುತ್ತೇನೆ.